ವಸ್ತ್ರದಡಿಯ ಬೆಲೆ

ಧಾರವಾಡದಿಂದ ನಾವು ಹೊರಟದ್ದು ಜನವರಿಯ ಒಂದು ಶುಕ್ರವಾರ, ಇನ್ನೂ ಬೆಳಕು ಸರಿಯಾಗಿ ಮೂಡದ ಹೊತ್ತಿನಲ್ಲಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಒಂದು ವರ್ಷ ಕಳೆದಿತ್ತು. ಚಳಿ ಬಿರುಸಾಗಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಅಮೆರಿಕದ ಇಬ್ಬರು ಅತಿಥಿಗಳು ನಮ್ಮ ಕಾಲೇಜಿನ ಹಾಸ್ಟೆಲಿನಿಂದ ತಂದ ಕಂಬಳಿ ಹೊದ್ದು ಕುಳಿತಿದ್ದರು. ಒಬ್ಬರು ಮೆಂದೋಸಾ, ಮತ್ತೊಬ್ಬರು ಅವರ ಪತ್ನಿ ಎಲೇನಾ. ಮನೆಯಲ್ಲಿ ಸ್ಪ್ಯಾನಿಷ್, ಹೊರಗೆ ಇಂಗ್ಲಿಷ್ ಆಡುವ ಜನ. ಮೆಕ್ಸಿಕೋ ದೇಶದ ಗಡಿಗೆ ತಾಗಿದ ಸೀಮೆಯಲ್ಲಿ ಅವರದೊಂದು ಜಿನ್ನು, ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆ, ಇತ್ತು. ಎಲೇನಾ ಅವರದು ರೊಟ್ಟಿ ಬೇಯಿಸಿ ಮಾರುವ ಕಾರ್ಖಾನೆ.

ಅವರ ಊರಿನ ಸ್ಪ್ಯಾನಿಷ್ ಮಾತಿನ ವ್ಯಾಪಾರಸ್ಥರು ತಿಂಗಳಿಗೊಮ್ಮೆ ಬೆಳಗಿನ ಫಳಾರಕ್ಕೆ ಸೇರುತ್ತಾರಂತೆ. ತಿನ್ನುವುದು ನೆಪ, ಪರಿಚಯ ಬೆಳೆಸುವುದು ಉದ್ದೇಶ. ನಮ್ಮ ಭಾಗದ ಹತ್ತಿ ವರ್ತಕರ ಕೂಟವೊಂದು ಇದನ್ನು ಕೇಳಿ ಮೆಚ್ಚಿ, ನಾಲ್ಕು ಊರುಗಳಲ್ಲಿ ನಾಲ್ಕು ಬೆಳಗಿನ ಫಳಾರಗಳನ್ನು ಏರ್ಪಡಿಸಿ ಇವರನ್ನು ಕರೆದಿತ್ತು. ಇಂಗ್ಲಿಷ್ ಕಲಿಸುವ ನನ್ನನ್ನು ದುಭಾಷಿಯಾಗಿ ಬರಲು ಕೇಳಿದರು. ಪಂಕ್ತಿಭೇದದ ವಿರುದ್ಧ ಊರೂರು ತಿರುಗಿ ಮಾತನಾಡುವವಳು ಎಂದು ತಿಳಿದೂ ಕೇಳಿದರು. ಒಪ್ಪಿಕೊಂಡೆ. ನಾನು ಕಲಿತ ಶಾಲೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಂಡು, ಸರದಿಯಂತೆ ಒಬ್ಬರ ತಟ್ಟೆಯನ್ನು ಇನ್ನೊಬ್ಬರು ತೊಳೆಯುತ್ತಿದ್ದೆವು. ಊಟದ ಮಣೆ ಜನರನ್ನು ಒಂದುಗೂಡಿಸುತ್ತದೆ ಎಂಬ ನಂಬಿಕೆ ನನ್ನಲ್ಲಿ ಅಲ್ಲಿಂದ ಬಂದದ್ದು.

ಕಿತ್ತೂರು ಧಾರವಾಡದಿಂದ ಇಪ್ಪತ್ತು ಮೈಲಿ. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಕೋಟೆಯ ಪಾಳುಗೋಡೆಗಳನ್ನು ಅತಿಥಿಗಳಿಗೆ ತೋರಿಸಿ, ವರ್ತಕರೊಬ್ಬರ ಮನೆಯ ಪಡಸಾಲೆಗೆ ಬಂದೆವು. ಬಾಗಿಲಲ್ಲೇ ನಿಂತು ಬರಮಾಡಿಕೊಂಡವರು ಕೂಟದ ಅಧ್ಯಕ್ಷರಾದ ಬೈಲಹೊಂಗಲದ ಬಸಲಿಂಗಪ್ಪನವರು. ಸ್ವಂತ ಜಿನ್ನು ಉಳ್ಳವರು. ಹೊಟ್ಟೆತುಂಬ ನಗುವ, ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಮನುಷ್ಯ. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಮಡಿಸಿದ ಬಿಳಿಯ ವಸ್ತ್ರ. ನಮ್ಮ ಕಡೆ ಟವೆಲಿಗೆ ವಸ್ತ್ರವೆನ್ನುತ್ತಾರೆ, ಅತಿಥಿಗಳಿಗೆ ಪಾವಣೇರೆನ್ನುತ್ತಾರೆ.

"ಬರ್ರಿ ಬರ್ರಿ, ಪಾವಣೇರು ಬಂದ್ರು ಅಂದ್ರ ಲಕ್ಷ್ಮೀ ಬಂದಂಗ. ಅಕ್ಕಾರ, ಹೇಳ್ರಿ ಅವರಿಗೆ, ಉಪ್ಪಿಟ್ಟಿನ್ಯಾಗ ಖಾರ ಕಡಿಮಿ ಹಾಕಿಸೇನಿ ಅಂತ."

ಖಾರ ಕಡಿಮೆಯೇನೂ ಇರಲಿಲ್ಲ. ಮೆಂದೋಸಾ ಎರಡನೆಯ ಸಲ ಹಾಕಿಸಿಕೊಂಡು, "ನಮ್ಮೂರಿನವರಿಗೆ ಇದು ಸಪ್ಪೆ" ಎಂದರು. ಅದನ್ನು ಕನ್ನಡದಲ್ಲಿ ಹೇಳಿದಾಗ ಪಡಸಾಲೆ ತುಂಬ ನಗೆ ಎದ್ದಿತು. ಶಿರಾ, ಉಪ್ಪಿಟ್ಟು, ಮಿರ್ಚಿ ಭಜಿ, ಚಹಾ. ಬಡಿಸಿದ ಹೆಂಗಸರ ಕೈಗಳಷ್ಟೇ ಬಾಗಿಲ ಪರದೆಯಾಚೆಯಿಂದ ಕಂಡವು. ಎಲೇನಾ ಮತ್ತು ನಾನು ಬಿಟ್ಟರೆ ಕುಳಿತು ತಿಂದ ಹೆಣ್ಣು ಮತ್ತೊಬ್ಬಳಿರಲಿಲ್ಲ. ಇದನ್ನು ನಾನು ಅಲ್ಲಿಯೇ ಹೇಳಿದೆ. "ಅವರದು ಆಮ್ಯಾಲರಿ" ಎಂದು ಮನೆಯ ಯಜಮಾನರು ತುಸು ನಾಚಿಕೊಂಡು ಹೇಳಿದರು; ಪರದೆ ಮಾತ್ರ ಸರಿಯಲಿಲ್ಲ.

ಫಳಾರ ಮುಗಿಯುತ್ತ ಬಂದಾಗ ನಾನು ಎಂದೂ ಕಾಣದ ಒಂದು ನೋಟ ಕಂಡೆ. ಇಬ್ಬರು ವರ್ತಕರು ಎದುರುಬದುರು ಕುಳಿತು, ನಡುವೆ ಒಂದು ವಸ್ತ್ರ ಹರವಿ, ಅದರ ಕೆಳಗೆ ಪರಸ್ಪರ ಕೈ ಹಿಡಿದಿದ್ದರು. ಬಾಯಿ ಚಳಿಯ ಬಗ್ಗೆ, ಒಬ್ಬರ ಅಳಿಯನ ನೌಕರಿಯ ಬಗ್ಗೆ ಮಾತನಾಡುತ್ತಿತ್ತು. ಕೈ ಬೇರೇನೋ ಮಾಡುತ್ತಿತ್ತು. ವಸ್ತ್ರ ಆಗಾಗ ಅಲುಗುತ್ತಿತ್ತು. ಎಲೇನಾ ನನ್ನ ಕಿವಿಯಲ್ಲಿ, "ಇವರಿಗೆ ಏನಾಗಿದೆ?" ಎಂದರು.

"ರೇಟು ಆಗಾಕತ್ತೈತ್ರಿ" ಎಂದು ಬಸಲಿಂಗಪ್ಪನವರು ನಕ್ಕು ವಿವರಿಸಿದರು. ಹತ್ತಿಯ ಬೆಲೆಯನ್ನು ಬಾಯಿಂದ ಆಡುವುದಿಲ್ಲ, ಬೆರಳಿನಿಂದ ಆಡುತ್ತಾರೆ. ಕೊಳ್ಳುವವನು ಮಾರುವವನ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಅಂಗೈ ಪೂರ್ತಿ ಹಿಡಿದರೆ ಐದು; ಹತ್ತೋ ನೂರೋ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ಪಕ್ಕದಲ್ಲಿ ಕುಳಿತವನಿಗೂ ಬೆಲೆ ತಿಳಿಯುವುದಿಲ್ಲ. ಅವರು ಮೆಂದೋಸಾ ಅವರ ಕೈಯನ್ನು ತಮ್ಮ ಕೈಗೆ ಎಳೆದುಕೊಂಡು, ಹೆಗಲ ವಸ್ತ್ರವನ್ನು ಮೇಲೆ ಹೊದಿಸಿ, ಬೆರಳು ಬೆರಳು ಹಿಡಿದು ಕಲಿಸಿದರು. ಆ ಅಮೆರಿಕನ್ ಮನುಷ್ಯ ಮಗುವಿನಂತೆ ಖುಷಿಪಟ್ಟರು.

ನನಗೆ ಖುಷಿಯಾಗಲಿಲ್ಲ. ಸರಕು ಬೆಳೆದವನ ಕಣ್ಣೆದುರೇ ಅವನ ಸರಕಿನ ಬೆಲೆಯನ್ನು ಮರೆಮಾಚುವ ಈ ಪದ್ಧತಿಯನ್ನು ನಿಯಂತ್ರಿತ ಮಾರುಕಟ್ಟೆಗಳಲ್ಲಿ ಎಂದೋ ನಿಷೇಧಿಸಲಾಗಿದೆ. ಅಲ್ಲಿ ಹರಾಜು ಬಹಿರಂಗವಾಗಿ ನಡೆಯಬೇಕು. "ಇದು ಕಾಯ್ದೆಗೆ ವಿರುದ್ಧವಲ್ಲವೇ?" ಎಂದು ನೇರವಾಗಿ ಕೇಳಿದೆ.

"ಕಾಯ್ದೆ ಪ್ಯಾಟ್ಯಾಗ ಐತ್ರೀ ಅಕ್ಕಾರ. ಇದು ಮನಿ. ಇಲ್ಲಿ ಉಪ್ಪಿಟ್ಟು ಐತಿ" ಎಂದರು ಬಸಲಿಂಗಪ್ಪನವರು. ಮತ್ತೆ ನಗೆ. ಪರಿಚಯದ ಫಳಾರವನ್ನು ಈ ಜನ ಯಾಕೆ ಅಷ್ಟು ಬೇಗ ಮೆಚ್ಚಿದರೆಂಬುದು ನನಗೆ ಆಗ ತಿಳಿಯಿತು. ಮಾರುಕಟ್ಟೆಯ ಅಂಗಳದಿಂದ ಹೊರದೂಡಿದ ವಸ್ತ್ರಕ್ಕೆ ಫಳಾರದ ಮಣೆ ಆಶ್ರಯ ಕೊಟ್ಟಿತ್ತು.

ಆ ಮಧ್ಯಾಹ್ನ ದೇಗಾಂವದ ಕಮಲ ನಾರಾಯಣ ಗುಡಿಗೆ ಹೋದೆವು. ಅತಿಥಿಗಳು ಹೊರಗೇ ನಿಂತಾಗ ಬಸಲಿಂಗಪ್ಪನವರು ಮೆಂದೋಸಾ ಅವರ ಕೈ ಹಿಡಿದು ಒಳಗೆ ಕರೆದೊಯ್ದರು. ಅವರ ಔದಾರ್ಯ ಕಂಡು, ಬೆಳಿಗ್ಗೆ ನಾನು ತುಸು ಬಿರುಸಾದೆನೇನೋ ಎಂದು ಆ ಹೊತ್ತಿಗೆ ಅನ್ನಿಸಿತು.

ಶನಿವಾರದ ಫಳಾರ ಬೈಲಹೊಂಗಲದಲ್ಲಿ, ಅವರದೇ ಜಿನ್ನಿನ ಕಟ್ಟೆಯ ಮೇಲೆ. ಊರಿಗೆ ಊರೇ ಹತ್ತಿಯ ವಾಸನೆ. ಅಂಡಿಗೆಗಳನ್ನು, ಅಂದರೆ ಆಳೆತ್ತರದ ಹತ್ತಿ ಚೀಲಗಳನ್ನು, ಹೇರಿದ ಚಕ್ಕಡಿಗಳು ಬೀದಿಯುದ್ದಕ್ಕೂ ನಿಂತಿದ್ದವು. ಬೇಲಿಯ ಜಾಲಿಗಂಟಿಗಳಿಗೆಲ್ಲ ಬಿಳಿ ಎಳೆಗಳು ಸಿಕ್ಕಿಕೊಂಡಿದ್ದವು. ಅವಲಕ್ಕಿ, ಬಾಳೆಹಣ್ಣು, ಕೆನೆಮೊಸರು. ಹದಿನೈದಿಪ್ಪತ್ತು ವರ್ತಕರು ಜಮಖಾನದ ಮೇಲೆ ಕುಳಿತಿದ್ದರು.

ಅಲ್ಲಿಗೆ ಬಂದವನು ಸಿದ್ರಾಮ ಕಾಂಬಳೆ. ಮೂವತ್ತೈದರ ಆಸುಪಾಸಿನ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಹೊಸ ವಸ್ತ್ರ. ಕೈಯಲ್ಲಿ ನೀಲಿ ಕಾಗದದಲ್ಲಿ ಸುತ್ತಿದ ಹತ್ತಿಯ ಮಾದರಿ. ಮನೋಳಿಯ ಬೌದ್ಧ ಕುಟುಂಬದವನು. ತಂದೆಯ ಕಾಲದಲ್ಲಿ ಬೌದ್ಧರಾದವರು. ಹತ್ತು ವರ್ಷ ಇನ್ನೊಬ್ಬರ ಅಡತಿಯಲ್ಲಿ, ಅಂದರೆ ದಲಾಲಿ ಅಂಗಡಿಯಲ್ಲಿ, ತೂಕದವನಾಗಿ ದುಡಿದು, ಆ ವರ್ಷ ತಾನೇ ವ್ಯಾಪಾರಕ್ಕಿಳಿದಿದ್ದ. ಹೊಳೆಸಾಲಿನ ಸಣ್ಣ ರೈತರು ಮೊದಲ ಬಾರಿ ಹೈಬ್ರಿಡ್ ಹತ್ತಿ ಬೆಳೆದು ಅವನನ್ನು ನಂಬಿ ಸರಕು ಒಪ್ಪಿಸಿದ್ದರು.

"ಬರ್ರಿ ಸಿದ್ರಾಮ, ಕುಂದರ್ರಿ" ಎಂದು ಬಸಲಿಂಗಪ್ಪನವರು ಆದರದಿಂದಲೇ ಕರೆದರು. ಕಟ್ಟೆಯ ಅಂಚಿನಲ್ಲಿ, ಜಮಖಾನ ಮುಗಿದ ಕಡೆ, ಅವನಿಗೆಂದು ಒಂದು ಕುರ್ಚಿ ಹಾಕಿತ್ತು. ಎಲ್ಲರೂ ನೆಲದ ಮೇಲೆ, ಅವನೊಬ್ಬ ಕುರ್ಚಿಯ ಮೇಲೆ. ಎಲೇನಾ ಅದನ್ನು ಗೌರವವೆಂದು ತಿಳಿದರು. ನನಗೆ ಮೈ ಉರಿಯಿತು. ಗೌರವದ ಹೆಸರಿನಲ್ಲಿ ಒಬ್ಬನನ್ನು ಪಂಕ್ತಿಯಿಂದ ಹೊರಗಿಡಬಹುದೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಮಾದರಿ ಕೈಯಿಂದ ಕೈಗೆ ದಾಟಿತು. ವರ್ತಕರು ಎಳೆಗಳನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಮೆಂದೋಸಾ ತುಟಿಯಲ್ಲೇ ಸಿಳ್ಳೆ ಹಾಕಿ, "ಇದು ಒಳ್ಳೆಯ ಹತ್ತಿ" ಎಂದರು. ಸಿದ್ರಾಮ ಹೆಗಲಿನಿಂದ ವಸ್ತ್ರ ತೆಗೆದು ತೊಡೆಯ ಮೇಲೆ ಹಾಸಿಕೊಂಡ. ಯಾರೂ ಅಲುಗಲಿಲ್ಲ.

"ಹೇಳ್ರಿ ಸಿದ್ರಾಮ, ಏನ್ ಬೇಡ್ತೀರಿ?" ಎಂದರು ಬಸಲಿಂಗಪ್ಪನವರು, ಕುಳಿತಲ್ಲಿಂದಲೇ, ಅವಲಕ್ಕಿ ಕಲಸುತ್ತ.

ಸಿದ್ರಾಮ ತನ್ನ ಬೆಲೆಯನ್ನು ಗಟ್ಟಿಯಾಗಿ ಹೇಳಿದ. ಇಡೀ ಕಟ್ಟೆಗೆ ಕೇಳಿಸಿತು. ಮೂಲೆಯಿಂದ ಒಬ್ಬರು, "ನಿನ್ನೆ ಇದ ಮಾಲು ಎರಡು ಬೆರಳು ಕಡಿಮಿಗೆ ಹೋತು" ಎಂದರು. ಇನ್ನೊಬ್ಬರು ಅದಕ್ಕಿಂತಲೂ ಕಡಿಮೆಗೆ ಕೇಳಿದರು. ಮೂರನೆಯವರು, "ಇನ್ನೊಂದು ವಾರ ಬಿಡ್ರಿ, ಆವಾಗ ನೋಡೂಣು" ಎಂದರು. ಸಿದ್ರಾಮ ಮಾದರಿಯನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಂಡ. ಆಮೇಲೆ ಜಮಖಾನದ ಮೇಲೆ ನಾಲ್ಕಾರು ವಸ್ತ್ರಗಳು ಹರಡಿದವು. ಕೈಗಳು ಅವುಗಳ ಅಡಿಗೆ ಹೋದವು.

"ಇವರ ಬೆಲೆಯನ್ನು ಮಾತ್ರ ಬಾಯಲ್ಲಿ ಯಾಕೆ ಕೇಳಿದಿರಿ?" ಎಂದೆ.

"ಸಿದ್ರಾಮ ಓದಿದ ಮನಷ್ಯಾರಿ. ಬಾಯಿ ಚಲೋ ಐತಿ" ಎಂದರು ಬಸಲಿಂಗಪ್ಪನವರು. ಈ ಸಲ ನಗೆ ಸಣ್ಣದಾಗಿತ್ತು.

ಸವದತ್ತಿಗೆ ಜೀಪಿನಲ್ಲಿ ನನಗೆ ಜಾಗವಿತ್ತು. ನಾನು ಬಸ್ಸಿಗೆ ಹೋದೆ. ಎರಡು ರೂಪಾಯಿಗೆ ಚಿಲ್ಲರೆ ಕಡಿಮೆ ಟಿಕೆಟ್ಟು. ಮುರಗೋಡದ ಮೇಲಿನ ರಸ್ತೆ, ಕಿಟಕಿಗಳಿಗೆ ಗಾಜಿಲ್ಲ, ಧೂಳಿಗೆ ತಡೆಯಿಲ್ಲ. ಸಿದ್ರಾಮ ಅದೇ ಬಸ್ಸಿನಲ್ಲಿದ್ದ. ಪಕ್ಕದ ಸೀಟು ತೋರಿಸಿ ಕುಳಿತುಕೊಳ್ಳಲು ಹೇಳಿ, ಕೇಳಬೇಕಾದ್ದನ್ನು ಕೇಳಿದೆ.

"ವಸ್ತ್ರದ ಕೆಳಗ ಕೈ ಹಿಡೀಬೇಕಲ್ರೀ ಅಕ್ಕಾರ" ಎಂದ ಅವನು, ಮಾದರಿಯ ಪೊಟ್ಟಣ ನೋಡುತ್ತ. "ನನ್ನ ಕೈ ಯಾರು ಹಿಡೀತಾರ?"

ಬೇರೆ ಲೋಟ, ಬೇರೆ ಬಾವಿ, ಬೇರೆ ಸಾಲು, ಇವನ್ನೆಲ್ಲ ಕಂಡಿದ್ದೆ, ಬರೆದಿದ್ದೆ. ಆದರೆ ಮುಟ್ಟದಿರುವುದು ಒಬ್ಬನ ವ್ಯಾಪಾರದ ಒಳಗೇ ಹೀಗೆ ಕೆಲಸ ಮಾಡುತ್ತದೆಂದು ನಾನು ಊಹಿಸಿರಲಿಲ್ಲ.

"ನನ್ನ ರೇಟು ಊರಿಗೆಲ್ಲ ಗೊತ್ತು. ಅವರ ರೇಟು ಅವರ ಬೆರಳಿಗಷ್ಟ ಗೊತ್ತು. ನಾ ಬಾಯಿ ಬಿಟ್ಟ ಕೂಡ್ಲೇ ಎಲ್ಲಾರೂ ಅದರ ಕೆಳಗ ಹೋಗ್ತಾರು. ನಾ ಹೆಂಗ ವ್ಯಾಪಾರ ಮಾಡ್ಲಿ?"

"ಮಾರುಕಟ್ಟೆಯ ಹರಾಜಿನಲ್ಲಿ ಮಾರಬಹುದಲ್ಲ?"

"ಹರಾಜು ಆಗ್ತೈತ್ರಿ. ಮುಂಜಾನೆ ಫಳಾರದಾಗ ಏನ್ ಆಗಿರ್ತೈತಿ, ಅದ ಮಧ್ಯಾಹ್ನ ಹರಾಜಿನ್ಯಾಗ ಕೂಗ್ತಾರು." ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡ. "ಈ ಫಳಾರ ಮುಗಿಯೂದ್ರಾಗ ನನ್ನ ಮಾಲು ಹೋಗಬೇಕ್ರಿ. ಇಲ್ಲಂದ್ರ ಹೊಳಿಸಾಲಿನ ಮಂದಿ ಹಳೇ ದಲಾಲರ ಕಡೇನ ಹೋಗ್ತಾರು. ತಪ್ಪೂ ಅಲ್ಲ. ನಾ ಮತ್ತ ತಕ್ಕಡಿ ಹಿಡೀಲಿಕ್ಕೆ ಹೋಗ್ಬೇಕಾಗ್ತೈತಿ, ಬಸಲಿಂಗಪ್ಪನವರ ಅಂಗಳಕ್ಕ."

ಮನೋಳಿಯಲ್ಲಿ ಮಲಪ್ರಭೆ ದಾಟುವಾಗ ಹೊಳೆ ತೆಳ್ಳಗೆ ಹರಿಯುತ್ತಿತ್ತು. ದಂಡೆಯ ಒಂದು ಛಪ್ಪರವನ್ನು ಅವನು ತೋರಿಸಿದ. ಅದರೊಳಗೆ ಅವನ ಅಂಡಿಗೆಗಳು ಒಂದರ ಮೇಲೊಂದು ನಿಂತಿದ್ದವು.

ಅಂದು ಸಂಜೆ ಸವದತ್ತಿಯಲ್ಲಿ ಬಸ್ಸಿನಿಂದಿಳಿದು, ಅತಿಥಿಗಳು ಇಳಿದುಕೊಂಡಿದ್ದ ಬಂಗಲೆಗೆ ಸಿದ್ರಾಮನನ್ನೂ ಕರೆದುಕೊಂಡು ಹೋದೆ. ನಡೆದುದನ್ನು ಏನನ್ನೂ ಮುಚ್ಚದೆ ಮೆಂದೋಸಾ ದಂಪತಿಗಳಿಗೆ ಹೇಳಿದೆ. ಎಲೇನಾ ಕಟ್ಟೆಯ ಮೇಲಿನ ಕುರ್ಚಿಯನ್ನು ನೆನೆದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಮೆಂದೋಸಾ ತಮ್ಮೂರಿನ ಒಂದು ಹೋಟೆಲಿನ ಕಥೆ ಹೇಳಿದರು. ಅವರ ತಂದೆ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿ. ಆ ಹೋಟೆಲಿನಲ್ಲಿ ಸ್ಪ್ಯಾನಿಷ್ ಆಡುವವರಿಗೆ ಮುಂಬಾಗಿಲಿರಲಿಲ್ಲ; ಹಿತ್ತಲ ಕಿಟಕಿಯಲ್ಲಿ ಕೈ ಚಾಚಿ ತಿಂಡಿ ಇಸಿದುಕೊಳ್ಳಬೇಕು. ಅಷ್ಟು ಸಿರಿವಂತ ದೇಶದಲ್ಲಿ! ಚಂದ್ರನ ಮೇಲೆ ಕಾಲಿಟ್ಟು ಬಂದ ಜನ! ನನಗೆ ನಂಬಲಾಗಲಿಲ್ಲ. ಸಿದ್ರಾಮನಿಗೆ ಕನ್ನಡದಲ್ಲಿ ಹೇಳಿದೆ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಆಮ್ಯಾಲ ಏನ್ ಮಾಡಿದ್ರಂತ?" ಎಂದಷ್ಟೇ ಕೇಳಿದ.

"ಅವರ ಮೇಜಿನಲ್ಲಿ ಜಾಗ ಕೊಡಿರೆಂದು ಕಾಯಲಿಲ್ಲ. ನಾವೇ ಒಂದು ಮೇಜು ಹಾಕಿದೆವು" ಎಂದರು ಮೆಂದೋಸಾ. "ನಮ್ಮ ಫಳಾರಕ್ಕೆ ಒಂದೇ ನಿಯಮ. ಬಂದವನು ಅಲ್ಲಿರುವ ಪ್ರತಿಯೊಬ್ಬರ ಕೈ ಕುಲುಕಿದ ಮೇಲೆಯೇ ಕೂರಬೇಕು. ಈಗ ಆ ಹೋಟೆಲಿನವನೂ ಬರುತ್ತಾನೆ. ಎಲ್ಲರ ಕೈ ಕುಲುಕುತ್ತಾನೆ."

ಸಿದ್ರಾಮ ಅದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡ.

ಭಾನುವಾರದ ಫಳಾರ ಸವದತ್ತಿಯ ಒಂದು ಅಡತಿಯ ಮಾಳಿಗೆಯ ಮೇಲೆ. ಖಡಕ್ ರೊಟ್ಟಿ, ಗುರೆಳ್ಳ ಚಟ್ನಿ, ಮೊಸರು. ಮತ್ತೆ ಅಂಚಿನಲ್ಲಿ ಒಂದು ಕುರ್ಚಿ. ಸಿದ್ರಾಮ ಬಂದ, ಕುರ್ಚಿಯ ಪಕ್ಕ ನಿಂತ, ಕೂರಲಿಲ್ಲ. ಬಸಲಿಂಗಪ್ಪನವರು ರೊಟ್ಟಿ ಮುರಿಯುತ್ತ, "ಹೇಳ್ರಿ, ಇವತ್ತೆಷ್ಟು?" ಎಂದರು.

"ಇವತ್ತ ಹೇಳೂದಿಲ್ರಿ ಸಾವ್ಕಾರ" ಎಂದ ಸಿದ್ರಾಮ. "ನಾಳೆ ಹೇಳ್ತೇನಿ. ನಾಳೆ ರಾಮದುರ್ಗದಾಗ ನಮ್ಮ ಅಕ್ಕನ ಮನ್ಯಾಗ ಫಳಾರ ಇಟ್ಟೇನಿ. ಪಾವಣೇರೂ ಬರಬೇಕು, ನೀವೂ ಬರಬೇಕು."

ರಾಮದುರ್ಗದ ಫಳಾರ ಬೇರೆ ಕಡೆ ನಿಗದಿಯಾಗಿದೆ ಎಂದು ಯಾರೋ ಮೆಲ್ಲಗೆ ಹೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಮೆಂದೋಸಾ ಎದ್ದು ಹೋಗಿ ಸಿದ್ರಾಮನ ಕೈ ಕುಲುಕಿದರು. "ನನ್ನ ಹೊಟ್ಟೆ ನೋಡಿ. ಇದರಲ್ಲಿ ಎರಡು ಫಳಾರಕ್ಕೆ ಜಾಗವಿದೆ" ಎಂದರು. ಅತಿಥಿಗಳು ಹೋಗುವುದಾದರೆ ಕೂಟದ ಅಧ್ಯಕ್ಷರು ಹೋಗದೆ ಇರುವಂತಿರಲಿಲ್ಲ. ಬಸಲಿಂಗಪ್ಪನವರು ನಕ್ಕರು. ಕಣ್ಣು ನಗಲಿಲ್ಲ.

"ಬರ್ತೇನಿ ಬಿಡ್ರಿ. ನಾಳೆ ಸೋಮವಾರ. ನನಗ ಉಪವಾಸ. ಆದ್ರ ಬರ್ತೇನಿ."

ಉಪವಾಸ ಎಂಥ ಅನುಕೂಲದ ದೈವಭಕ್ತಿಯೆಂದು ನಾನು ಅಲ್ಲಿಯೇ ಹೇಳಿದೆ. ಯಾರೂ ಕೇಳಿಸಿಕೊಂಡಂತೆ ತೋರಲಿಲ್ಲ.

ಆ ದಿನವೇ ರಾಮದುರ್ಗಕ್ಕೆ ಹೋಗಿ ಪ್ರವಾಸಿ ಬಂಗಲೆಯಲ್ಲಿ ತಂಗಿದೆವು. ಊರು ತುಂಬ ಮಗ್ಗದ ಸದ್ದು. ಸೋಮವಾರ ಬೆಳಿಗ್ಗೆ ಕೇರಿಯೊಳಗೆ ಜೀಪು ಹೋಗುವಷ್ಟು ದಾರಿಯಿರಲಿಲ್ಲ; ನಡೆದೇ ಹೋದೆವು. ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿತ್ತು. ಒಳಗೋಡೆಯ ಮೇಲೆ ಬುದ್ಧನ ಚಿತ್ರಪಟ. ಬಾಗಿಲಲ್ಲಿ ಸಿದ್ರಾಮನ ಅಕ್ಕ ತಾರಾಬಾಯಿ. ಗಂಡನದು ಹೊಲಿಗೆ ಅಂಗಡಿ. ತಾವೂ ಮಷೀನು ತುಳಿಯುವವರು. ಪಡಸಾಲೆಯಲ್ಲಿ ಆಗಲೇ ಒಬ್ಬರು ಕುಳಿತಿದ್ದರು. ಇಮಾಮಸಾಹೇಬರು, ದೂರದ ಒಂದು ನೂಲಿನ ಗಿರಣಿಯ ಪರವಾಗಿ ರಾಮದುರ್ಗದಲ್ಲಿ ಹತ್ತಿ ಕೊಳ್ಳುವವರು. ಕೂಟದ ಫಳಾರಗಳಿಗೆ ಅವರನ್ನು ಯಾರೂ ಕರೆದಿರಲಿಲ್ಲ. ಅವರನ್ನು ಕಂಡು ಬಸಲಿಂಗಪ್ಪನವರ ಹೆಜ್ಜೆ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಿತು.

"ಪಾವಣೇರ ಪದ್ಧತಿ ಪ್ರಕಾರ ಎಲ್ಲಾರೂ ಕೈ ಕೊಡ್ಬೇಕ್ರಿ" ಎಂದ ಸಿದ್ರಾಮ. ಎಲೇನಾ, ಮೆಂದೋಸಾ, ಇಮಾಮಸಾಹೇಬರು, ತಾರಾಬಾಯಿ, ನಾನು, ಎಲ್ಲರೂ ಒಬ್ಬರಿಗೊಬ್ಬರು ಕೈ ಕೊಟ್ಟೆವು. ತಾರಾಬಾಯಿ ಮೆಂದೋಸಾ ಅವರಿಗೆ ಕೈ ಕೊಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಬಸಲಿಂಗಪ್ಪನವರು ಎರಡೂ ಕೈ ಎತ್ತಿ ಎಲ್ಲರಿಗೂ ಒಟ್ಟಿಗೆ ನಮಸ್ಕಾರ ಮಾಡಿದರು. ನಮಸ್ಕಾರವೂ ದೂರವಿಡುವ ಉಪಾಯವಾಗಬಲ್ಲದು.

ಥಾಲಿಪಟ್ಟಿ, ಬೆಣ್ಣೆ, ಶೇಂಗಾ ಚಟ್ನಿ. ಆ ಪ್ರವಾಸದಲ್ಲಿ ನಾನು ತಿಂದ ಅತ್ಯಂತ ರುಚಿಯಾದ ಫಳಾರ ಅದೇ. ಬಡಿಸಿದ ಮೇಲೆ ತಾರಾಬಾಯಿ ನಮ್ಮೊಡನೆಯೇ ಕುಳಿತರು. ಎಲೇನಾ ತಮ್ಮ ಕಾರ್ಖಾನೆಯ ರೊಟ್ಟಿಯ ಬಗ್ಗೆ ಹೇಳಿದಾಗ ಅವರು ಕಣ್ಣರಳಿಸಿದರು.

"ಮಷೀನ ರೊಟ್ಟಿ ಬಡೀತೈತಂತ? ಹಂಗಾರ ಅಲ್ಲೀ ಹೆಂಗಸ್ರು ಮುಂಜಾನೆದ್ದು ಏನ್ ಮಾಡ್ತಾರ್ರೀ?"

"ವ್ಯಾಪಾರ ಮಾಡುತ್ತಾರಂತೆ" ಎಂದೆ.

"ಹೌದ? ಸಿದ್ದೂ, ಕೇಳಿದೇನಪಾ? ನನಗೂ ಒಂದು ಮಷೀನ ತರ್ಸು. ಆಮ್ಯಾಲ ನಿನ್ನ ಹತ್ತಿ ನಾನ ಮಾರ್ತೇನಿ. ನಿನ್ನ ಕೈಲೆ ಆಗವಲ್ದು."

ಇಮಾಮಸಾಹೇಬರು ಚಹಾ ಚೆಲ್ಲುವಂತೆ ನಕ್ಕರು. ಬಸಲಿಂಗಪ್ಪನವರು ಒಂದು ಲೋಟ ನೀರನ್ನೂ ಮುಟ್ಟದೆ, ಗೋಡೆಗೆ ಬೆನ್ನು ತಾಗಿಸದೆ ಕುಳಿತಿದ್ದರು. ನೋಟ ಮಾತ್ರ ನೀಲಿ ಕಾಗದದ ಮೇಲಿತ್ತು. ಮುಂಬಯಿಯ ಗಿರಣಿಗಳು ಅಂಥ ಉದ್ದ ಎಳೆಯ ಹತ್ತಿಯನ್ನು ಬೇಡುತ್ತಿರುವುದಾಗಿ ಅವರೇ ದಾರಿಯಲ್ಲಿ ಮೆಂದೋಸಾ ಅವರಿಗೆ ಹೇಳಿದ್ದರು.

ಸಿದ್ರಾಮ ಪೊಟ್ಟಣ ಬಿಚ್ಚಿದ. ಹೆಗಲ ವಸ್ತ್ರವನ್ನು ಕೊಡವಿ ತೊಡೆಯ ಮೇಲೆ ಹರವಿ, ಬಲಗೈಯನ್ನು ಅದರಡಿಗೆ ಇಟ್ಟುಕೊಂಡ.

"ನನ್ನ ರೇಟು ಇಲ್ಲೇ ಐತ್ರಿ" ಎಂದ. "ಬೇಕಾದವ್ರು ಕೇಳ್ಬಹುದು."

"ಬಾಯಿಲೆ ಹೇಳೋ ಸಿದ್ರಾಮ. ನಮ್ಮ ನಮ್ಮೊಳಗ ಇದೆಲ್ಲ ಎದಕ?" ಎಂದರು ಬಸಲಿಂಗಪ್ಪನವರು. ಅವರು ಅವನನ್ನು ಏಕವಚನದಲ್ಲಿ ಕರೆದದ್ದನ್ನು ಮೊದಲ ಬಾರಿಗೆ ಕೇಳಿದೆ.

"ಬಾಯಿಲೆ ಹೇಳೂದಿಲ್ರಿ."

ಕಿತ್ತೂರಿನಲ್ಲಿ ಅನ್ಯಾಯವೆಂದು ನಾನು ಕರೆದ ಅದೇ ವಸ್ತ್ರ. ಅದು ಅನ್ಯಾಯವೇ, ಇಂದಿಗೂ ಹಾಗೆಯೇ ಅನ್ನುತ್ತೇನೆ. ಆದರೆ ಅನ್ಯಾಯದಲ್ಲೂ ಒಬ್ಬನಿಗೆ ಪಾಲಿಲ್ಲದಿದ್ದರೆ ಅದು ಇನ್ನೊಂದು ಅನ್ಯಾಯ. ಆ ಬೆಳಿಗ್ಗೆ ಒಂದು ಕೈ ಆ ವಸ್ತ್ರದಡಿಗೆ ಹೋಗಲೆಂದು ನಾನು ಮನಸಾರೆ ಬಯಸಿದೆ.

ಬಸಲಿಂಗಪ್ಪನವರು ಇಮಾಮಸಾಹೇಬರತ್ತ ನೋಡಿದರು, ಹತ್ತಿಯತ್ತ ನೋಡಿದರು, ಅತಿಥಿಗಳತ್ತ ನೋಡಿದರು. ಮೆಲ್ಲಗೆ ಮುಂದೆ ಸರಿದರು. ಕೈ ಚಾಚಿದರು. ಆ ಕೈ ವಸ್ತ್ರದ ಅಂಚಿನವರೆಗೆ ಹೋಯಿತು, ತಡೆಯಿತು, ಮೇಲೇರಿತು. ವಸ್ತ್ರದ ಮೇಲಿನಿಂದಲೇ, ಬಟ್ಟೆಯ ಸಮೇತ, ಸಿದ್ರಾಮನ ಬೆರಳುಗಳನ್ನು ಹಿಡಿದು ಒತ್ತಿದರು.

ಒಂದು, ಎರಡು, ಮೂರು. ಬಿಳಿಯ ಬಟ್ಟೆಯ ಮೇಲೆ ಅವರ ಕೈ ಹಿಡಿದ ಮೂರು ಬೆರಳುಗಳು ನಮ್ಮೆಲ್ಲರಿಗೂ ಕಂಡವು.

ಮುಟ್ಟಬಾರದೆಂಬ ಒಂದೇ ಯೋಚನೆಯಲ್ಲಿ, ಇಷ್ಟು ವರ್ಷ ಹತ್ತಿ ಕೊಂಡ ಮನುಷ್ಯ, ಆ ವಸ್ತ್ರ ಏತಕ್ಕೆ ಇದೆಯೆಂಬುದನ್ನೇ ಮರೆತಿದ್ದರು. ಮೆಂದೋಸಾ ಕಲಿತ ಪಾಠ ಮರೆತಿರಲಿಲ್ಲ. "ಮೂರು" ಎಂದು ಸ್ಪ್ಯಾನಿಷಿನಲ್ಲಿ ತಮಗೆ ತಾವೇ ಹೇಳಿಕೊಂಡರು. ಇಮಾಮಸಾಹೇಬರು ಗಡ್ಡ ನೀವಿಕೊಂಡರು.

"ಸಾವ್ಕಾರ, ನಿಮ್ಮ ರೇಟು ಕಂಡುಬಿಡ್ತಲ್ರೀ" ಎಂದರು, ನಗದೆ. ಚಹಾ ಲೋಟ ಕೆಳಗಿಟ್ಟು, ತೋಳು ಮಡಚಿ, ತಮ್ಮ ಕೈಯನ್ನು ವಸ್ತ್ರದ ಕೆಳಗೆ ಹಾಕಿದರು. ವಸ್ತ್ರ ಸ್ವಲ್ಪ ಅಲುಗಿತು. ಬಾಯಿಯಲ್ಲಿ ಅವರು ತಾರಾಬಾಯಿಯ ಥಾಲಿಪಟ್ಟಿಯನ್ನು ಹೊಗಳುತ್ತಿದ್ದರು. ಸಿದ್ರಾಮ ಚಳಿಯ ಬಗ್ಗೆ ಏನೋ ಅಂದ. ಆಮೇಲೆ ಇಬ್ಬರೂ ಕೈ ಹೊರತೆಗೆದು ಅಂಗೈಗೆ ಅಂಗೈ ತಟ್ಟಿದರು. ವ್ಯಾಪಾರ ಮುಗಿಯಿತು. ಏನು ಬೆಲೆಯೆಂದು ನನಗೆ ಇಂದಿಗೂ ಗೊತ್ತಿಲ್ಲ. ಮೂರಕ್ಕಿಂತ ಹೆಚ್ಚು ಎಂಬುದಷ್ಟೇ ಗೊತ್ತು.

"ಆತೇನೋ ಸಿದ್ದೂ?" ಎಂದರು ತಾರಾಬಾಯಿ.

"ಆತಬೇ" ಎಂದ ಸಿದ್ರಾಮ. ವಸ್ತ್ರವನ್ನು ಮಡಿಸಲು ಹೋದವನು, ಅದು ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಿಸಿದ. ಗಾಡಿ ಹೂಡಿಸಬೇಕೆಂದು ಮನೋಳಿಯ ಬಸ್ಸಿಗೆ ಓಡಿದ.

ನಿಗದಿಯಾಗಿದ್ದ ಎರಡನೆಯ ಫಳಾರಕ್ಕೆ ಹೋಗುವ ದಾರಿಯಲ್ಲಿ, ಹೊಳೆಯ ಹತ್ತಿರ ಬಸಲಿಂಗಪ್ಪನವರು ಜೀಪು ನಿಲ್ಲಿಸಲು ಹೇಳಿದರು. ಇಳಿದು ನೀರಿನಂಚಿಗೆ ಹೋಗಿ ಬಲಗೈಯನ್ನು ಮೊಣಕೈವರೆಗೂ ತೊಳೆದರು, ಮರಳಿನಿಂದ ತಿಕ್ಕಿ ಮತ್ತೊಮ್ಮೆ ತೊಳೆದರು. ಯಾರನ್ನೂ ಮುಟ್ಟದಿದ್ದ ಕೈ ಅದು. ನಡುವೆ ಬಟ್ಟೆಯಿತ್ತು. ಒಂದು ಲೋಟ ನೀರು ಕೂಡ ಅದು ಹಿಡಿದಿರಲಿಲ್ಲ. ನಾನು ಜೀಪಿನಲ್ಲಿ ಕುಳಿತು ನೋಡುತ್ತಿದ್ದೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ; ಆದರೂ ಕಣ್ಣನ್ನು ನಂಬಲಾಗಲಿಲ್ಲ.

"ಅವರು ಯಾಕೆ ಕೈ ತೊಳೆಯುತ್ತಿದ್ದಾರೆ? ಏನೂ ತಿನ್ನಲಿಲ್ಲವಲ್ಲ" ಎಂದು ಎಲೇನಾ ಕೇಳಿದರು. ದುಭಾಷಿಯ ಕೆಲಸ ಮಾತನ್ನು ದಾಟಿಸುವುದು, ಮರ್ಯಾದೆಯನ್ನು ಕಾಯುವುದಲ್ಲ. ಇದ್ದುದನ್ನು ಇದ್ದಂತೆ ಹೇಳಿದೆ. ಇದು ಅಸ್ಪೃಶ್ಯತೆ, ಇದು ನಮ್ಮ ದೇಶದ ಕಾನೂನಿನಲ್ಲಿ ಅಪರಾಧ ಎಂದೂ ಹೇಳಿದೆ. ಮೆಂದೋಸಾ ತಮ್ಮ ಬಲಗೈಯನ್ನು ಮುಂದೆ ಹಿಡಿದು ಅದನ್ನೇ ನೋಡಿಕೊಂಡರು.

"ಕೇಳಿ ಅವರನ್ನು. ದಿನಾ ನನ್ನ ಕೈಯನ್ನೂ ಹಿಡಿದಿದ್ದಾರೆ. ಆಮೇಲೂ ತೊಳೆದುಕೊಂಡರೇ?"

ಬಸಲಿಂಗಪ್ಪನವರು ಒರೆಸಿಕೊಳ್ಳುತ್ತ ಬಂದು ಕುಳಿತರು. ಕೇಳಿದೆ.

"ಛೇ ಛೇ, ಎಂಥಾ ಮಾತ್ರೀ ಅಕ್ಕಾರ!" ಅವರಿಗೆ ನಿಜವಾಗಿಯೂ ನೋವಾಗಿತ್ತು. "ಅವರದು ಬ್ಯಾರೇ. ಅವರು ಪಾವಣೇರು, ಹೊರಗಿನವ್ರು. ಸಿದ್ರಾಮ ನಮ್ಮಾಂವ ಅಲ್ಲೇನ್ರೀ?"

ಅದನ್ನೂ ಇಂಗ್ಲಿಷಿಗೆ ದಾಟಿಸಿದೆ. ಎರಡನೆಯ ಫಳಾರದಲ್ಲಿ ಮೆಂದೋಸಾ ಏನನ್ನೂ ತಿನ್ನಲಿಲ್ಲ. ಉಪವಾಸವೆಂದರು.

ಮಧ್ಯಾಹ್ನ ರಾಮದುರ್ಗ ಬಿಟ್ಟೆವು. ಬಸಲಿಂಗಪ್ಪನವರನ್ನು ಬೈಲಹೊಂಗಲದಲ್ಲಿ ಇಳಿಸಬೇಕಾಗಿದ್ದುದರಿಂದ ಮನೋಳಿಯ ದಾರಿ ಹಿಡಿದೆವು. ಹೊಳೆ ದಾಟುವ ಕಡೆ ಸಾಲಾಗಿ ಚಕ್ಕಡಿಗಳು ಎದುರಾದವು, ಪ್ರತಿಯೊಂದರ ಮೇಲೂ ಆಳೆತ್ತರದ ಅಂಡಿಗೆ. ಜೀಪು ಬದಿಗೆ ಸರಿದು ನಿಂತಿತು. ಮುಂದಿನ ಗಾಡಿಯ ಮೂಕಿಯ ಮೇಲೆ ಸಿದ್ರಾಮ ಕುಳಿತಿದ್ದ. ಇಸ್ತ್ರಿಯ ಅಂಗಿಯ ತುಂಬ ಹತ್ತಿಯ ಎಳೆಗಳು. ನಮ್ಮನ್ನು ಕಂಡು ಕೈ ಎತ್ತಿದ. ಎಲೇನಾ ಎತ್ತಿದರು, ಮೆಂದೋಸಾ ಎತ್ತಿದರು, ನಾನೂ ಎತ್ತಿದೆ. ಗಾಡಿಗಳೆಲ್ಲ ದಾಟಿದ ಮೇಲೆ ತಿರುಗಿ ನೋಡಿದೆ. ಮುಂದಿನ ಸೀಟಿನಲ್ಲಿ ಬಸಲಿಂಗಪ್ಪನವರು ರಸ್ತೆಯನ್ನೇ ದಿಟ್ಟಿಸುತ್ತಿದ್ದರು. ತೊಡೆಯ ಮೇಲೆ ತಮ್ಮ ಬಿಳಿಯ ವಸ್ತ್ರ ಹರವಿಕೊಂಡಿದ್ದರು. ಅವರ ಬಲಗೈ ಅದರಡಿಯಲ್ಲಿತ್ತು, ಒಂಟಿಯಾಗಿ.